ಒಂದನೇ ಎದುರುದಾರರು ನಮ್ಮಮ್ಮ

ಸಾವಿಗೆ ಯಾರೂ ಮುಹೂರ್ತ ಇಡುವುದಿಲ್ಲ; ಆದರೆ ಸತ್ತ ಮರುಗಳಿಗೆಯಿಂದ ಎಲ್ಲಕ್ಕೂ ದಿನದ ಲೆಕ್ಕ ಶುರು. ಮೂರಕ್ಕೆ ಹಾಲು-ತುಪ್ಪ, ಹನ್ನೊಂದಕ್ಕೆ ತಿಥಿ, ಹದಿಮೂರಕ್ಕೆ ವೈಕುಂಠ ಸಮಾರಾಧನೆ, ಜಾತಿಗೂ ಸೀಮೆಗೂ ತಕ್ಕಂತೆ ಒಂದೆರಡು ದಿನ ಆಚೀಚೆ. ಇದೆಲ್ಲ ಮನೆಯ ಹಿರಿಯರಿಗೆ ಬಾಯಿಪಾಠ. ಯಾವ ಹಿರಿಯರ ಬಾಯಲ್ಲೂ ಬಾರದ ದಿನ ಇನ್ನೊಂದಿದೆ: ಇಪ್ಪತ್ತೊಂದು. ಅದನ್ನು ಗೊತ್ತುಮಾಡಿದ್ದು ಪುರೋಹಿತರಲ್ಲ, 1969ರ ಜನನ ಮರಣ ನೋಂದಣಿ ಕಾಯಿದೆ. ಸಾವನ್ನು 21 ದಿನದೊಳಗೆ ಬರೆಸಬೇಕು. ತಪ್ಪಿದರೆ 30 ದಿನದವರೆಗೆ ತಡವಾದದ್ದಕ್ಕೆ ಶುಲ್ಕ, ಆಮೇಲೆ ಒಂದು ವರ್ಷದವರೆಗೆ ಅಧಿಕಾರಿಯ ಲಿಖಿತ ಅನುಮತಿ, ವರ್ಷವೂ ಕಳೆದುಹೋಯಿತೋ, ಮ್ಯಾಜಿಸ್ಟ್ರೇಟರ ಆದೇಶವೇ ಬೇಕು. ಪ್ರೇತ ಯಮಪುರಿಯನ್ನು ಮುಟ್ಟುವುದಕ್ಕೆ ಒಂದು ವರ್ಷ ಹಿಡಿಯುತ್ತದೆ ಎನ್ನುತ್ತದೆ ಗರುಡಪುರಾಣ. ಅಲ್ಲಿ ತಲುಪುವಷ್ಟರಲ್ಲಿ ಇಲ್ಲಿಯ ಬರವಣಿಗೆ ಮುಗಿದಿರಲಿ ಎಂಬುದು ಸರ್ಕಾರದ ಆಶಯವೂ ಹೌದೆಂದು ತೋರುತ್ತದೆ.

ಜಮೀನು ಬಿಟ್ಟು ಹೋದವರಾದರೆ ಇನ್ನೊಂದು ಲೆಕ್ಕವಿದೆ. ವಾರಸಾಗಿ ಜಮೀನು ಬಂದವರು ಮೂರು ತಿಂಗಳೊಳಗೆ ಕಂದಾಯದವರಿಗೆ ವರದಿ ಕೊಡಬೇಕು ಎನ್ನುತ್ತದೆ 1964ರ ಭೂಕಂದಾಯ ಕಾಯಿದೆಯ 128ನೇ ಕಲಮು. ಮೂರು ತಿಂಗಳು! ನಮ್ಮ ಕಡೆ ಮೂರು ತಲೆಮಾರು ಕಳೆದರೂ ಪಹಣಿಯಲ್ಲಿ ಮುತ್ತಜ್ಜನೇ ಉಳುತ್ತಿರುತ್ತಾನೆ. ಬೆಳೆ ಕಾಲಂನಲ್ಲಿ ರಾಗಿ, ಹೆಸರಿನ ಕಾಲಂನಲ್ಲಿ ಸ್ವರ್ಗಸ್ಥರು.

ಸಾವಿನ ಮನೆಗೆ ಮಾತಾಡಿಸಿಕೊಂಡು ಹೋಗಲು ಬಂದವರ ವಿಷಯವನ್ನೂ ಹೇಳಬೇಕು. ಅವರು ಮೊದಲು ಕಣ್ಣೊರೆಸಿಕೊಳ್ಳುತ್ತಾರೆ, ಕೊನೆಯ ಸಲ ಭೇಟಿಯಾದದ್ದನ್ನು ನೆನೆಯುತ್ತಾರೆ, ಬೇಡ ಬೇಡ ಎನ್ನುತ್ತ ಕಾಫಿ ಕುಡಿಯುತ್ತಾರೆ. ಲೋಟ ಕೆಳಗಿಟ್ಟ ಮೇಲೆ ದನಿ ತಗ್ಗುತ್ತದೆ. "ಎಲ್ಲಾ ಬರೆದಿಟ್ಟು ಹೋಗಿದ್ದಾರೆ ತಾನೆ?" ಇಲ್ಲ ಎಂದಿರೋ, ಹಜಾರದಲ್ಲಿ ಕೂತ ಪ್ರತಿಯೊಬ್ಬರೂ ಕಾನೂನು ಪಂಡಿತರು. ತಾಲ್ಲೂಕು ಕಚೇರಿಯಲ್ಲಿದ್ದು ನಿವೃತ್ತರಾದವರು, "ವಂಶವೃಕ್ಷ ಒಂದು ಮಾಡಿಸಿಬಿಡಿ, ಅದು ಎಲ್ಲಾ ಕಡೆ ನಡೆಯುತ್ತೆ" ಎನ್ನುತ್ತಾರೆ. ಇನ್ಶೂರೆನ್ಸ್ ಏಜೆಂಟರಾಗಿದ್ದವರು ನಾಮಿನಿ ಇದ್ದರೆ ಮುಗಿಯಿತು ಎನ್ನುತ್ತಾರೆ. ಭಾವಮೈದನ ಮೇಲೆ ಕೇಸು ನಡೆಸಿದ ಅನುಭವವುಳ್ಳವರು ಮಾತ್ರ ತಲೆಯಾಡಿಸಿ, "ಕೋರ್ಟಿಂದಲೇ ಆಗಬೇಕು" ಎನ್ನುತ್ತಾರೆ, ಹೇಳುವಾಗ ಸ್ವಲ್ಪ ಸಂತೋಷದಿಂದಲೇ.

ತಮಾಷೆಯೆಂದರೆ ಮೂವರೂ ಸರಿ. ಒಬ್ಬೊಬ್ಬರು ಒಂದೊಂದು ವಸ್ತುವಿನ ಬಗ್ಗೆ ಮಾತಾಡುತ್ತಿರುತ್ತಾರೆ, ಅಷ್ಟೆ. ತಕರಾರಿಲ್ಲದ ಜಮೀನಾದರೆ ನಾಡಕಚೇರಿಗೆ ಅರ್ಜಿ, ವಂಶವೃಕ್ಷ, ಪೌತಿ ಖಾತೆ; ನ್ಯಾಯಾಧೀಶರ ಮುಖ ನೋಡಬೇಕಾಗಿಲ್ಲ. ಬ್ಯಾಂಕಿನ ಹಣ, ಷೇರು, ಬಾಂಡು, ಸತ್ತವರಿಗೆ ಬರಬೇಕಾದ ಸಾಲ, ಇವಕ್ಕೆ ನಾಮಿನಿ ಇಲ್ಲದಿದ್ದರೆ ಸಾಮಾನ್ಯವಾಗಿ ಬೇಕಾದದ್ದು ಸಕ್ಸೆಷನ್ ಸರ್ಟಿಫಿಕೇಟು. ಅದನ್ನು ಕೊಡುವುದು ಕೋರ್ಟು, 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ. ಉಯಿಲು ಇದ್ದರೆ ಅದರ ದಾರಿಯೇ ಬೇರೆ. ಆದರೆ ಕೌಂಟರಿನಲ್ಲಿ ಕೂತವರಿಗೂ ಈ ಮೂರರ ಗಡಿ ಅಷ್ಟು ಖಚಿತವಾಗಿ ಗೊತ್ತಿರುವುದಿಲ್ಲ. ಬ್ಯಾಂಕಿನವರು ತಹಸೀಲ್ದಾರರಿಂದ ತನ್ನಿ ಎನ್ನುತ್ತಾರೆ, ತಾಲ್ಲೂಕು ಕಚೇರಿಯವರು ಕೋರ್ಟಿಗೆ ಹೋಗಿ ಎನ್ನುತ್ತಾರೆ, ವಕೀಲರು ಮೊದಲು ಬ್ಯಾಂಕಿನಿಂದ ಬಾಕಿಯ ಪತ್ರ ತನ್ನಿ ಎನ್ನುತ್ತಾರೆ.

ನಮ್ಮಪ್ಪನ ಠೇವಣಿಗೆ ನಾಮಿನಿ ಇದ್ದರು. ನಮ್ಮಜ್ಜಿ. ಹೆಂಡತಿಯ ಹೆಸರು ಬರೆಸಿದರೆ ತಾಯಿಗೆ ಬೇಸರವಾದೀತು ಎಂಬ ಮುಂದಾಲೋಚನೆಯಿಂದ ಅಪ್ಪ ಎಂದೋ ಹಾಗೆ ಬರೆಸಿದ್ದರು. ಅತ್ತೆ ಸೊಸೆಯರ ನಡುವೆ ಬದುಕಿದ ಯಾರಿಗೂ ಆ ವಿವೇಕ ಅರ್ಥವಾದೀತು. ಠೇವಣಿ ಅವಧಿ ಮುಗಿದಾಗಲೆಲ್ಲ ತಾನಾಗಿಯೇ ನವೀಕರಣಗೊಂಡಿತು. ಅಜ್ಜಿ ಹೋಗಿ ಎಷ್ಟೋ ಕಾಲವಾದರೂ ನಾಮಿನಿಯಾಗಿ ಹಾಗೇ ಮುಂದುವರಿದರು. ಬ್ಯಾಂಕಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ಹುಡುಗ ಕಂಪ್ಯೂಟರ್ ನೋಡಿ, "ನಾಮಿನಿ ಇದಾರಲ್ಲ ಸಾರ್, ಅವರನ್ನ ಕರ್ಕೊಂಡು ಬನ್ನಿ" ಎಂದ.

"ಅವರ ಹತ್ತಿರ ನಮ್ಮಪ್ಪನೇ ಹೋಗಿದ್ದಾರಪ್ಪ" ಎಂದೆ.

ಅವನು ಅದನ್ನೂ ಬರೆದುಕೊಳ್ಳಲು ಪೆನ್ನು ತೆಗೆದಿದ್ದ.

ಇನ್ನು ನಾಮಿನಿ ಬದುಕಿದ್ದರೂ ಹಣ ಅವರದಾಗುವುದಿಲ್ಲ ಎಂಬ ಸಂಗತಿ ಎಷ್ಟು ಮನೆಗಳಲ್ಲಿ ಅಣ್ಣತಮ್ಮಂದಿರ ಮಾತು ಬಿಡಿಸಿದೆಯೋ! ಸುಪ್ರೀಂ ಕೋರ್ಟು 1984ರಲ್ಲೇ ಸರ್ಬತಿ ದೇವಿ ಪ್ರಕರಣದಲ್ಲಿ ವಿಮೆಯ ಹಣದ ಬಗ್ಗೆ ಇದನ್ನು ಹೇಳಿತು, 2023ರ ಡಿಸೆಂಬರಿನಲ್ಲಿ ಷೇರುಗಳ ಬಗ್ಗೆಯೂ ಹೇಳಿತು. ನಾಮಿನಿಯಾದವನು ಹಣವನ್ನು ಕೈಯೊಡ್ಡಿ ಇಸಕೊಳ್ಳುವವನು. ಇಸಕೊಂಡು ವಾರಸುದಾರರಿಗೆಲ್ಲ ಹಂಚಬೇಕಾದವನು. ಹಣ ಕೈಗೆ ಬಂದ ಮೇಲೆ ಹಂಚು ಎನ್ನುವುದು ಮನುಷ್ಯನ ಸ್ವಭಾವಕ್ಕೆ ಎಷ್ಟು ಒಗ್ಗೀತು ಎಂಬುದು ಬೇರೆ ಪ್ರಶ್ನೆ. ಈಗ 2025ರ ನವೆಂಬರ್‌ನಿಂದ ಒಂದು ಖಾತೆಗೆ ನಾಲ್ಕು ಜನ ನಾಮಿನಿಗಳನ್ನು ಹಾಕಬಹುದು. ಅತ್ತೆ, ಸೊಸೆ, ಮಗ, ಮಗಳು, ನಾಲ್ವರ ಹೆಸರನ್ನೂ ಬರೆಸಿ ಅಪ್ಪ ನೆಮ್ಮದಿಯಾಗಿ ಮಲಗಬಹುದಿತ್ತು. ರಿಸರ್ವ್ ಬ್ಯಾಂಕು ಕೂಡ ಅದೇ ವರ್ಷ ಸ್ವಲ್ಪ ಕರುಣೆ ತೋರಿ, ನಾಮಿನಿ ಇಲ್ಲದಿದ್ದರೂ 15 ಲಕ್ಷ ರೂಪಾಯಿವರೆಗೆ, ಸಹಕಾರಿ ಬ್ಯಾಂಕಾದರೆ 5 ಲಕ್ಷದವರೆಗೆ, ತಕರಾರಿಲ್ಲದ ಹಣವನ್ನು ಕೋರ್ಟಿನ ಕಾಗದ ಕೇಳದೆ ಕೊಡಿ ಎಂದು ಬ್ಯಾಂಕುಗಳಿಗೆ ಹೇಳಿದೆ. ನಮ್ಮ ಮನೆಯ ವ್ಯವಹಾರ ಅದಕ್ಕೂ ಹಿಂದಿನದು. ಜೊತೆಗೆ ಅಪ್ಪನ ಟ್ರಂಕಿನ ತಳದಲ್ಲಿ ಮಡಿಕೆ ಹರಿದ ಒಂದಿಷ್ಟು ಷೇರುಪತ್ರಗಳು ಸಿಕ್ಕವು. ಅವಕ್ಕಂತೂ ಕೋರ್ಟೇ ಗತಿ.

ಕೋರ್ಟಿಗೆ ಹೋಗುವ ಮೊದಲು ಸತ್ತವರು ಒಬ್ಬರೇ ಎಂದು ಸಾಬೀತು ಮಾಡಬೇಕು. ಕನ್ನಡ ನಾಡಿನಲ್ಲಿ ಇದು ಸಣ್ಣ ಕೆಲಸವಲ್ಲ. ನಮ್ಮಲ್ಲಿ ಒಬ್ಬ ಮನುಷ್ಯ ಶಾಲೆಯ ಸರ್ಟಿಫಿಕೇಟಿನಲ್ಲಿ ಊರಿನ ಹೆಸರು, ಅಪ್ಪನ ಹೆಸರು ಎರಡರ ಮೊದಲಕ್ಷರವನ್ನೂ ಮುಂದಿಟ್ಟುಕೊಂಡು ಕೃಷ್ಣಪ್ಪ. ಪಹಣಿಯಲ್ಲಿ ಬರೀ ಕಿಟ್ಟಪ್ಪ ಬಿನ್ ಇಂಥವರು. ಬ್ಯಾಂಕಿನಲ್ಲಿ ಮೊದಲಕ್ಷರಗಳು ಹಿಂದಕ್ಕೆ ಹೋಗಿ ಬಾಲವಾಗಿರುತ್ತವೆ. ಆಧಾರ್ ಕಾರ್ಡಿನಲ್ಲಿ ಮೊದಲಕ್ಷರವನ್ನೇ ಬಿಡಿಸಿ ಊರಿನ ಹೆಸರನ್ನು ಮನುಷ್ಯನ ಹೆಸರು ಮಾಡಿರುತ್ತಾರೆ. ಓಟರ್ ಲಿಸ್ಟಿನ ವಿಷಯ ಎತ್ತದಿರುವುದೇ ಒಳ್ಳೆಯದು. ಇವರೆಲ್ಲರೂ ಒಬ್ಬರೇ ಎಂದು ಛಾಪಾ ಕಾಗದದ ಮೇಲೆ ಅಫಿಡವಿಟ್ಟು ಮಾಡಿ, ನೋಟರಿಯ ಮುಂದೆ ಸಹಿ ಹಾಕಬೇಕು. ಏಕಮೇವಾದ್ವಿತೀಯಂ ಎಂದು ಉಪನಿಷತ್ತು ಪ್ರಮಾಣವಿಲ್ಲದೆ ಹೇಳಿಬಿಟ್ಟಿತು. ನಮಗೆ ಎರಡು ಕೆಂಪು ಸೀಲು ಬೇಕಾಯಿತು.

ನಮ್ಮೂರ ಕೋರ್ಟಿನ ಆವರಣದಲ್ಲಿ ಹೊಂಗೆಮರಗಳಿವೆ. ಅವುಗಳ ಕೆಳಗೆ ನೋಟರಿಯ ಮೇಜು, ಟೈಪು ಮಾಡುವವರ ಮೇಜು, ಆಚೆಗೆ ಜೆರಾಕ್ಸ್ ಅಂಗಡಿ, ಅದರ ಪಕ್ಕದಲ್ಲಿ ಟೀ. ನಡೆಯುವುದೆಲ್ಲ ಒಳಗೆ ಎಂದು ಮೊದಲ ಸಲ ಬಂದವರು ಭಾವಿಸುತ್ತಾರೆ. ಮುಕ್ಕಾಲು ಪಾಲು ನಡೆಯುವುದು ಈ ಮರದ ಕೆಳಗೇ. ನಮ್ಮ ಅರ್ಜಿಗೆ ಪಿ ಅಂಡ್ ಎಸ್‌ಸಿ ಎಂದು ನಂಬರು ಬಿತ್ತು. ಕೊಲೆ, ಚೆಕ್ ಬೌನ್ಸ್, ವಿಚ್ಛೇದನ ಇವುಗಳ ನಡುವೆ ನಮ್ಮದು ಸಪ್ಪೆ ಜಾತಿ. "ನಿಮ್ಮದು ಅನ್‌ಕಂಟೆಸ್ಟೆಡ್ ಸಾರ್" ಎಂದು ನಮ್ಮ ವಕೀಲರು ಹೇಳಿದರು, ವರ ಒಪ್ಪಿದ ಸುದ್ದಿ ತಂದವರ ಹಾಗೆ.

ಆದರೂ ಕೋರ್ಟಿಗೆ ಎದುರಾಳಿ ಇಲ್ಲದೆ ನಡೆಯುವುದಿಲ್ಲ. ಅರ್ಜಿ ಹಾಕಿದವನು ಅರ್ಜಿದಾರ. ಉಳಿದ ವಾರಸುದಾರರೆಲ್ಲ ಎದುರುದಾರರು. ಹಾಗಾಗಿ ಕಾಗದದ ಮೇಲೆ ನಾನು ಒಂದು ಕಡೆ, ಒಂದನೇ ಎದುರುದಾರರು ನಮ್ಮಮ್ಮ, ಎರಡನೇ ಎದುರುದಾರರು ನನ್ನ ತಂಗಿ. ಅಮ್ಮನಿಗೆ ಸಮನ್ಸು ಬಂತು. ಬೇಲಿಫನಿಗೆ ನೀರು ಕೊಟ್ಟು, ಸಹಿ ಹಾಕಿ, ಕನ್ನಡಕ ಹಾಕಿಕೊಂಡು ಓದಿದರು.

"ನಾನು ಯಾರ ಎದುರು ನಿಂತಿದ್ದೀನೋ?"

"ನನ್ನ ಎದುರಮ್ಮ. ಸುಮ್ನೆ, ಕಾಗದಕ್ಕೆ."

"ಹಾಗಾದ್ರೆ ನಾಳೆ ಕೋರ್ಟಿಗೆ ಹೋಗುವಾಗ ನಿಂಗೂ ಡಬ್ಬಿ ಕಟ್ಟಬಹುದೋ, ಏನು?"

ಕಟ್ಟಿದರು. ವಾದಿ ಪ್ರತಿವಾದಿಗಳು ಒಂದೇ ಆಟೋದಲ್ಲಿ ಹೋಗಿ, ಒಂದೇ ಬೆಂಚಿನ ಮೇಲೆ ಕೂತು, ಒಂದೇ ಡಬ್ಬಿಯಿಂದ ಚಿತ್ರಾನ್ನ ತಿಂದೆವು. ಒಳಗೆ ಜವಾನ ಅಮ್ಮನ ಹೆಸರನ್ನು ಮೂರು ಸಲ ಕೂಗಿದ. ಅಷ್ಟು ಗಟ್ಟಿಯಾಗಿ ತಮ್ಮ ಪೂರ್ತಿ ಹೆಸರನ್ನು ಅವರು ಜನ್ಮದಲ್ಲಿ ಕೇಳಿರಲಿಲ್ಲ. ಊರಿನಲ್ಲಿ ಅವರು ಯಾವತ್ತೂ ಮೇಷ್ಟ್ರ ಹೆಂಡತಿ, ಇಲ್ಲವೆ ನಮ್ಮ ತಾಯಿ. ಒಳಗೆ ಹೋಗಿ ತಕರಾರಿಲ್ಲ ಎಂದು ಹೇಳಿ ಬಂದರು. ಹೊರಗೆ ಬಂದ ಮೇಲೆ ಬಾಯಿಗೆ ಬಂದ ತಕರಾರುಗಳಿಗೆ ಲೆಕ್ಕವಿಲ್ಲ: ಫ್ಯಾನು ತಿರುಗುವುದಿಲ್ಲ, ಹೆಂಗಸರಿಗೆ ಕೂರಲು ಜಾಗವಿಲ್ಲ, ಆ ನ್ಯಾಯಾಧೀಶೆ ಹುಡುಗಿಗೆ ಊಟಕ್ಕೂ ಬಿಡುವಿಲ್ಲ.

ಸಮನ್ಸು ಸಾಲದು, ಪತ್ರಿಕಾ ಪ್ರಕಟಣೆಯೂ ಆಗಬೇಕು. ಇಂಥವರು ಇಂಥ ದಿನ ತೀರಿಕೊಂಡಿದ್ದಾರೆ, ಅವರ ಹಣಕ್ಕೆ ಇಂಥವರು ಅರ್ಜಿ ಹಾಕಿದ್ದಾರೆ, ತಕರಾರಿದ್ದವರು ಇಂಥ ತಾರೀಖು ಬೆಳಿಗ್ಗೆ 11 ಗಂಟೆಗೆ ಹಾಜರಾಗತಕ್ಕದ್ದು. ಇದನ್ನು ಹಾಕಿಸುವುದು ಸಾಮಾನ್ಯವಾಗಿ ಯಾವುದಾದರೂ ಸ್ಥಳೀಯ ದಿನಪತ್ರಿಕೆಯಲ್ಲಿ, ದರ ಕಡಿಮೆ. ಓದುವವರೂ ಕಡಿಮೆ ಎಂದು ನಾನು ಅಂದುಕೊಂಡಿದ್ದೆ. ಪ್ರಕಟವಾದ ದಿನ ಸಂಜೆ ಯಾವುದೋ ಊರಿನಿಂದ, ಅಪ್ಪನ ತಿಥಿಗೂ ಬಾರದ ದೂರದ ನೆಂಟರೊಬ್ಬರು ಫೋನು ಮಾಡಿದರು: "ಪೇಪರ್‌ನಲ್ಲಿ ನೋಡಿದೆ. ಮೊತ್ತ ಎಷ್ಟೋ?"

ಇಷ್ಟೆಲ್ಲ ಆದ ಮೇಲೆ ಒಂದು ದಿನ ಅರ್ಜಿದಾರನ ಸಾಕ್ಷಿ. ಮರಣ ಪತ್ರಕ್ಕೊಂದು ನಿಶಾನೆ ನಂಬರು, ವಂಶವೃಕ್ಷಕ್ಕೊಂದು, ಠೇವಣಿ ರಸೀತಿಗೊಂದು. ಕಟಕಟೆಯಲ್ಲಿ ನಿಂತು ಪ್ರಮಾಣ ಮಾಡಿದ ಮೇಲೆ ನ್ಯಾಯಾಧೀಶರು ಕಡತದಿಂದ ಕಣ್ಣೆತ್ತಿ ಕೇಳಿದ್ದು ಒಂದೇ ಪ್ರಶ್ನೆ: "ಇವರನ್ನು ಬಿಟ್ಟು ಇನ್ಯಾರಾದರೂ ಇದ್ದಾರಾ?"

ಇಡೀ ವ್ಯವಹಾರದ ತಿರುಳು ಅದೊಂದೇ ಎಂದು ನನಗೆ ಹೊಳೆದದ್ದು ಆಗ. ಸಮನ್ಸು, ಪೇಪರು, ನೋಟೀಸ್ ಬೋರ್ಡಿಗೆ ಅಂಟಿಸಿದ ಹಾಳೆ, ಮುಂದಕ್ಕೆ ಹೋಗುವ ವಾಯಿದೆಗಳು, ಎಲ್ಲವೂ ಅದೇ ಪ್ರಶ್ನೆಯನ್ನು ಬೇರೆ ಬೇರೆ ದಿಕ್ಕಿಗೆ ಮುಖಮಾಡಿ ಕೂಗುವ ವಿಧಾನ. ಹಣ ಯಾರಿಗೆ ಸೇರಬೇಕು ಎಂಬುದನ್ನು ಈ ಸರ್ಟಿಫಿಕೇಟು ಅಂತಿಮವಾಗಿ ತೀರ್ಮಾನಿಸುವುದೂ ಇಲ್ಲ. ಇದನ್ನು ನಂಬಿ ಹಣ ಕೊಟ್ಟ ಬ್ಯಾಂಕಿಗೆ ನಾಳೆ ಇನ್ನೊಬ್ಬ ಬಂದರೆ ತೊಂದರೆಯಾಗದಂತೆ ಕಾಪಾಡುತ್ತದೆ, ಅಷ್ಟೆ. ಹಣ ಪಡೆದವನ ಮೇಲೆ ಆ ಇನ್ನೊಬ್ಬ ದಾವೆ ಹಾಕಬಹುದು. ಹಾಗಾಗಿ ಮೊದಲೇ ಕೇಳಿಬಿಡುತ್ತಾರೆ, ಇನ್ಯಾರಾದರೂ ಇದ್ದಾರಾ ಎಂದು. ಕೋರ್ಟು ನಿಧಾನ ಎಂದು ಬೈಯುವವರ ಸಾಲಿನಲ್ಲಿ ನಾನೂ ನಿಂತವನೇ. ಆದರೆ ಈ ಒಂದು ನಿಧಾನ ಆ ಕೋಣೆಯಲ್ಲಿ ಇಲ್ಲದವರಿಗಾಗಿ ಇರುವಂಥದು. ಕೋಣೆಯಲ್ಲಿ ಇರುವವರಿಗೆ ಅದು ರುಚಿಸದಿರುವುದು ಸಹಜ.

ಯಾರು ಲೆಕ್ಕಕ್ಕೆ ಬರುತ್ತಾರೆ ಎಂಬುದರ ಬಗ್ಗೆ ನಮ್ಮ ನಾಡು ತಲೆಕೆಡಿಸಿಕೊಂಡಷ್ಟು ಇನ್ನಾರೂ ಕೆಡಿಸಿಕೊಂಡಿರಲಾರರು. ಭಾರತದ ಬಹುಭಾಗದ ಹಿಂದೂಗಳ ಆಸ್ತಿ ಹಂಚಿಕೆಗೆ ಶತಮಾನಗಳ ಕಾಲ ಆಧಾರವಾದ ಮಿತಾಕ್ಷರ ಬರೆಯಲ್ಪಟ್ಟದ್ದು ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರನಿಂದ. ಬಂಗಾಳದ ಜೀಮೂತವಾಹನ, ಸತ್ತವನಿಗೆ ಪಿಂಡ ಹಾಕಿ ಯಾರು ಪುಣ್ಯ ಕೊಡಬಲ್ಲರೋ ಅವರ ಕಡೆಗೆ ಆಸ್ತಿ ಎಂದ. ನಮ್ಮವನು ರಕ್ತಸಂಬಂಧ ನೋಡಿ ಎಂದ, ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂದ. 1810ರಲ್ಲಿ ಕೋಲ್‌ಬ್ರೂಕ್ ಸಾಹೇಬ ಜೀಮೂತವಾಹನನ ದಾಯಭಾಗವನ್ನೂ ಮಿತಾಕ್ಷರದ ಆಸ್ತಿ ಹಂಚಿಕೆಯ ಭಾಗವನ್ನೂ ಇಂಗ್ಲಿಷಿಗೆ ತಂದ ಮೇಲೆ ಕಲ್ಯಾಣದ ಪಂಡಿತನ ಮಾತು ಕಲ್ಕತ್ತೆ, ಲಂಡನ್ನಿನ ನ್ಯಾಯಮೂರ್ತಿಗಳ ಮೇಜಿನ ಮೇಲೆ ಕೂತಿತು. ಹುಟ್ಟಿನಿಂದ ಬಂದ ಆ ಹಕ್ಕು ಮಗಳಿಗೂ ಉಂಟು ಎಂದು ಕರ್ನಾಟಕ 1994ರಲ್ಲಿ, ಮದುವೆಯಾಗದ ಹೆಣ್ಣುಮಕ್ಕಳ ಮಟ್ಟಿಗೆ, ತಿದ್ದುಪಡಿ ಮಾಡಿತು. ದೇಶ 2005ರಲ್ಲಿ ಮಾಡಿತು. ವಿಜ್ಞಾನೇಶ್ವರನಿಂದ ಅಲ್ಲಿಗೆ ಬರಲು ಸುಮಾರು ಒಂಬೈನೂರು ವರ್ಷ. ವಾಯಿದೆ ಹೋಗುವುದು ನಮಗೆ ಹೊಸತಲ್ಲ.

ಘಟ್ಟ ಇಳಿದರೆ ಲೆಕ್ಕವೇ ತಿರುಗುಮುರುಗು. ತುಳುನಾಡಿನ ಅಳಿಯಸಂತಾನದಲ್ಲಿ ಮಾವನ ಆಸ್ತಿ ಅಕ್ಕತಂಗಿಯರ ಮಕ್ಕಳಿಗೆ. ಸ್ವಂತ ಮಗ ಅಪ್ಪನ ಮನೆಯಲ್ಲಿ ಅತಿಥಿ. ಇದಕ್ಕೆ ಭೂತಾಳ ಪಾಂಡ್ಯನ ಕತೆ ಹೇಳುತ್ತಾರೆ: ಕುಂಡೋದರನೆಂಬ ಭೂತ ಬಲಿ ಕೇಳಿದಾಗ ದೊರೆಯ ಹೆಂಡತಿ ತನ್ನ ಮಗನನ್ನು ಕೊಡಲೊಪ್ಪಲಿಲ್ಲ, ದೊರೆಯ ತಂಗಿ ತನ್ನ ಮಗನನ್ನು ಮುಂದೆ ಬಿಟ್ಟಳು, ಅಂದಿನಿಂದ ಆಸ್ತಿ ಅಳಿಯನಿಗೆ. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಎಲ್ಲ ಬಂದು ಈಗ ಆ ಪದ್ಧತಿ ಕರಗಿದೆ. ಇನ್ನು ಉತ್ತರಕ್ಕೆ ಹೋದರೆ ಕಿತ್ತೂರು. 1824ರಲ್ಲಿ ದೊರೆ ತೀರಿಕೊಂಡ. ದತ್ತು ತೆಗೆದುಕೊಂಡ ಹುಡುಗನನ್ನು ವಾರಸುದಾರನೆಂದು ಒಪ್ಪಲು ಧಾರವಾಡದ ಕಲೆಕ್ಟರ್ ಥ್ಯಾಕರೆ ತಯಾರಿರಲಿಲ್ಲ. ಖಜಾನೆಗೆ ಬೀಗ ಹಾಕಲು ಬಂದವನು ಅಕ್ಟೋಬರ್ 23ರಂದು ಕೋಟೆಯ ಮುಂದೆ ಸತ್ತ. ಚೆನ್ನಮ್ಮನ ಶೌರ್ಯವನ್ನು ನಾವು ಶಾಲೆಯಲ್ಲಿ ಓದಿದ್ದೇವೆ. ಅದರ ಬುಡದಲ್ಲಿ ಇದ್ದದ್ದು ಒಂದು ಪೌತಿ ತಕರಾರು ಎಂದು ನಮ್ಮ ಮೇಷ್ಟ್ರು ಹೇಳಲಿಲ್ಲ. ಹೇಳಿದ್ದರೆ ನಾಡಕಚೇರಿಯ ಮೇಲೆ ನನಗೆ ಇನ್ನಷ್ಟು ಗೌರವವಿರುತ್ತಿತ್ತು.

ಉಯಿಲು ಬರೆದಿಟ್ಟರೆ ಈ ಯಾವ ರಗಳೆಯೂ ಇಲ್ಲ ಎನ್ನುವವರಿದ್ದಾರೆ. ಉಯಿಲಿಗೆ ನೋಂದಣಿ ಕಡ್ಡಾಯವಲ್ಲ, ಛಾಪಾ ಕಾಗದ ಬೇಕಾಗಿಲ್ಲ. ಬರೆದವನ ಸಹಿ, ಎರಡು ಸಾಕ್ಷಿ ಸಾಕು. ಸುಲಭ. ಆದರೆ ಅದನ್ನು ಓದುವ ಹೊತ್ತಿಗೆ ಬರೆದವನು ಇರುವುದಿಲ್ಲ, ಮುಖ್ಯ ಸಾಕ್ಷಿಯನ್ನು ಯಾವ ಸಮನ್ಸೂ ಮುಟ್ಟುವುದಿಲ್ಲ. ಇದನ್ನು ಇಟ್ಟುಕೊಂಡು ದೇಶದ ಎಲ್ಲ ಕೋರ್ಟುಗಳೂ ಇಂದಿಗೂ ಹೆಸರೆತ್ತುವ ತೀರ್ಪು ನಮ್ಮ ಮೈಸೂರಿನ ಸೀಮೆಯಿಂದಲೇ ಹೋದದ್ದು: ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಾಜಮ್ಮ ನಡುವಿನ ಮೊಕದ್ದಮೆ, ಕಾನೂನು ವರದಿಗಳಲ್ಲಿ 1959ರದು. ಉಯಿಲಿನ ಸುತ್ತ ಅನುಮಾನದ ಸಂಗತಿಗಳಿದ್ದರೆ, ಅದರಲ್ಲೂ ಲಾಭ ಪಡೆಯುವವರೇ ಮುಂದೆ ನಿಂತು ಬರೆಸಿದ್ದರೆ, ಆ ಅನುಮಾನವನ್ನು ನೀಗಿಸುವ ಹೊಣೆ ಉಯಿಲು ತಂದವನದು ಎಂದು ಅದು ಹೇಳಿತು. ಬರೆದವರು ನ್ಯಾಯಮೂರ್ತಿ ಗಜೇಂದ್ರಗಡಕರ್. ಮುಂದೆ ದೇಶದ ಮುಖ್ಯ ನ್ಯಾಯಮೂರ್ತಿಯಾದವರು, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು. ಮೈಸೂರಿನವರ ಜಗಳ ಬಿಡಿಸಲು ಧಾರವಾಡದ ನೀರು ಕುಡಿದವರು ದೆಹಲಿಯಲ್ಲಿ ಕೂರಬೇಕಾಯಿತು. ಏಕೀಕರಣ ಆಗಷ್ಟೇ ಆಗಿತ್ತು.

ಉಯಿಲಿದ್ದರೆ ಅದು ಸಾಚಾ ಎಂದು ಕೋರ್ಟು ಕೊಡುವ ಪ್ರೊಬೇಟ್ ಬೇಕೋ ಬೇಡವೋ ಎಂಬುದೂ ಊರ ಮೇಲೆ ಹೋಗುತ್ತಿತ್ತು. ಬ್ರಿಟಿಷರು ತಮ್ಮ ಮೂರು ಪಟ್ಟಣಗಳನ್ನು, ಬಂಗಾಳದ ಸೀಮೆಯನ್ನು ಕಣ್ಣಲ್ಲಿಟ್ಟು ಮಾಡಿದ ನಿಯಮ. ನಮ್ಮ ಮೈಸೂರು, ಹಾಸನದ ಹಿಂದೂಗಳಿಗೆ ಅದರ ಕಡ್ಡಾಯ ತಟ್ಟಲಿಲ್ಲ. ಆದರೆ ಉಡುಪಿಯಿಂದ ಹೋಗಿ ಮುಂಬಯಿಯಲ್ಲಿ ಹೋಟೆಲು ನಡೆಸಿ, ಮಾಟುಂಗದಲ್ಲಿ ಮನೆ ಕೊಂಡ ಹೋದ ತಲೆಮಾರಿನವರಿಗೆ ತಟ್ಟಿತು. ಊರಿನ ತೋಟಕ್ಕೆ ಬೇಡದ ಪ್ರೊಬೇಟ್ ಮುಂಬಯಿಯ ಎರಡು ಕೋಣೆಗೆ ಬೇಕಾಯಿತು. ಶುಲ್ಕಕ್ಕೆ 75,000 ರೂಪಾಯಿಯ ಮೇಲ್ಮಿತಿ ಇದ್ದದ್ದೊಂದು ಸಮಾಧಾನ. ಮುಂಬಯಿ ಮನೆಯ ಬೆಲೆ ಗೊತ್ತಿರುವವರಿಗೆ ಅದು ಸಮಾಧಾನವೇ.

ಅಂತೂ ನಮ್ಮ ಸರ್ಟಿಫಿಕೇಟು ಬಂತು. ಮೊತ್ತಕ್ಕೆ ತಕ್ಕ ಕೋರ್ಟು ಶುಲ್ಕ ಕಟ್ಟಿ, ನಕಲು ವಿಭಾಗದಲ್ಲಿ ಕಾದು ತಂದದ್ದಾಯಿತು. ಅಮ್ಮ ಅದನ್ನು ದೇವರ ಮುಂದೆ ಇಟ್ಟು ಬ್ಯಾಂಕಿಗೆ ಕಳಿಸಿದರು. ಕತೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಕಾಗದ ಮಾಡಿಸುವ ಹುಮ್ಮಸ್ಸು ಅಂಟುಜಾಡ್ಯ. ನಮ್ಮ ಚಿಕ್ಕಪ್ಪನಿಗೆ ತಾತನ ಹೆಸರಿನಲ್ಲೇ ಉಳಿದಿದ್ದ ಜಮೀನು ನೆನಪಾಯಿತು.

ಪೌತಿ ಖಾತೆಯ ಹೆಸರೆತ್ತಿದರೆ ನನಗೆ 'ತಿಥಿ' ಸಿನಿಮಾ ಕಣ್ಣಮುಂದೆ ಬರುತ್ತದೆ. ನೂರೊಂದು ವರ್ಷದ ಸೆಂಚುರಿ ಗೌಡ ಸತ್ತಿದ್ದಾನೆ. ಮೊಮ್ಮಗ ತಮ್ಮಣ್ಣ ಜಮೀನು ಮಾರಬೇಕು. ನಡುವೆ ಇರುವ ಅಪ್ಪ ಗಡ್ಡಪ್ಪನಿಗೆ ಜಮೀನೂ ಬೇಡ, ಕಚೇರಿಯೂ ಬೇಡ, ಬೀಡಿ ಸೇದುತ್ತ ನಡೆಯುತ್ತಿದ್ದರೆ ಸಾಕು. ಕೊನೆಗೆ ಮಗ ಬದುಕಿರುವ ಅಪ್ಪನಿಗೇ ಮರಣ ಪತ್ರ ಮಾಡಿಸುತ್ತಾನೆ. ಚಿತ್ರಮಂದಿರದಲ್ಲಿ ಜನ ಬಿದ್ದು ಬಿದ್ದು ನಕ್ಕರು. ಆದರೆ ನಮ್ಮ ಮನೆಗಳಲ್ಲಿ ನಡೆಯುವುದು ಇದಕ್ಕಿಂತ ಸದ್ದಿಲ್ಲದ ಕೆಲಸ. ಬದುಕಿರುವವರನ್ನು ಸಾಯಿಸುವ ಖರ್ಚೂ ಇಲ್ಲ. ಹುಟ್ಟಿಯೇ ಇರಲಿಲ್ಲ ಎಂಬಂತೆ ಬಿಟ್ಟುಬಿಟ್ಟರಾಯಿತು.

ಮಹಜರಿಗೆ ಗ್ರಾಮ ಆಡಳಿತ ಅಧಿಕಾರಿ ಬಂದಿದ್ದರು. ಮೊನ್ನೆ ಮೊನ್ನೆಯವರೆಗೆ ಗ್ರಾಮ ಲೆಕ್ಕಿಗರು ಎನ್ನುತ್ತಿದ್ದೆವಲ್ಲ, ಅವರೇ. ಜಗಲಿಯ ಮೇಲೆ ಕೂತು, ಪಂಚರಿಬ್ಬರನ್ನು ಕರೆಸಿ ಬರೆದುಕೊಳ್ಳತೊಡಗಿದರು.

"ನಿಮ್ಮ ತಂದೆಯವರಿಗೆ ಮಕ್ಕಳು ಎಷ್ಟು ಜನ ಯಜಮಾನ್ರೆ?"

"ಇಬ್ರು. ನಮ್ಮಣ್ಣ, ನಾನು" ಎಂದರು ಚಿಕ್ಕಪ್ಪ.

"ಹೆಣ್ಮಕ್ಳು?"

"ಅವರೆಲ್ಲ ಮದುವೆ ಆಗಿ ಹೋಗಿದ್ದಾರೆ."

"ಹೋಗಿದ್ದಾರೆ ಅಂದ್ರೆ, ತೀರಿಕೊಂಡಿದ್ದಾರಾ?"

"ಛೆ ಛೆ, ಬಿಡ್ತು ಅನ್ನಿ ಸ್ವಾಮಿ. ಚೆನ್ನಾಗಿದ್ದಾರೆ. ಅವರ ಮನೇಲಿ ಅವರಿದ್ದಾರೆ."

ಚಿಕ್ಕಪ್ಪ ಕೆಟ್ಟವರಲ್ಲ. ತಂಗಿಗೆ ಪ್ರತಿ ಗೌರಿಹಬ್ಬಕ್ಕೆ ಬಾಗಿನ ಕಳಿಸುವವರು, ಹೆರಿಗೆ ಬಾಣಂತನ ಎಲ್ಲಕ್ಕೂ ಓಡಿದವರು. ಆದರೆ ಹಬ್ಬದ ಲೆಕ್ಕ ಬೇರೆ, ಪಹಣಿಯ ಲೆಕ್ಕ ಬೇರೆ ಎಂದು ಅವರ ಅಪ್ಪ ಕಲಿಸಿದ್ದನ್ನು ಇವರು ನಂಬಿದ್ದರು. ತಾತ ಸ್ವಂತ ದುಡಿಮೆಯಲ್ಲಿ ಕೊಂಡ ಜಮೀನು ಅದು; 1956ರ ಕಾಯಿದೆಯೇ ಮಗ, ಮಗಳು, ಹೆಂಡತಿ, ತಾಯಿ ಈ ನಾಲ್ವರನ್ನೂ ಮೊದಲ ದರ್ಜೆಯ ವಾರಸುದಾರರ ಸಾಲಿನಲ್ಲಿ ಕೂರಿಸಿದೆ. ಸತ್ತವನ ತಾಯಿ ಒಂದನೇ ದರ್ಜೆ, ತಂದೆ ಎರಡನೇ ದರ್ಜೆ. ಗಂಡಸರು ತುಂಬಿದ್ದ ಸಂಸತ್ತಿನಲ್ಲಿ ಅದು ಹೇಗೆ ದಾಟಿ ಬಂತೋ, ನನಗೆ ಈಗಲೂ ಸೋಜಿಗ.

ಅಧಿಕಾರಿ ಸೌಜನ್ಯದವರು. ಪೆನ್ನು ಮುಚ್ಚಿ, "ಹೆಣ್ಮಕ್ಳ ಹೆಸರು ಹೇಳಿ, ಬರೀತೀನಿ. ಬಿಟ್ಟರೆ ನಾಳೆ ನನ್ನ ತಲೆಗೆ ಬರುತ್ತೆ" ಎಂದರು. ಹೀಗೆ ನಮ್ಮ ಸೋದರತ್ತೆ ವಂಶವೃಕ್ಷದಲ್ಲಿ ಬಂದರು. ಅವರಿಗೂ ನೋಟೀಸು ಹೋಗಬೇಕು, ತಕರಾರು ಸಲ್ಲಿಸಲು ಕಾಲಾವಕಾಶ ಇರಬೇಕು. ಊರಿನವರ ಉಪಾಯ ಸಿದ್ಧವಾಗಿತ್ತು: ಹಕ್ಕು ಬಿಡುಗಡೆ ಪತ್ರ. ಸೀರೆ, ಕುಪ್ಪಸ, ತೆಂಗಿನಕಾಯಿ, ಒಂದಿಷ್ಟು ಹಣ ಅರಿಶಿನ-ಕುಂಕುಮಕ್ಕೆ ಎಂದು ಕೊಟ್ಟು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ಯುವುದು. ಎಷ್ಟು ಎಕರೆ ಈ ನಾಡಿನಲ್ಲಿ ಒಂದು ಸೀರೆಗೆ ಕೈ ಬದಲಾಯಿಸಿದೆ ಎಂಬ ಲೆಕ್ಕ ಯಾವ ಇಲಾಖೆಯೂ ಇಟ್ಟಿಲ್ಲ. ಇಟ್ಟರೆ ರೇಷ್ಮೆ ಉದ್ಯಮದ ಇತಿಹಾಸವನ್ನೇ ತಿದ್ದಬೇಕಾದೀತು.

ಚಿಕ್ಕಪ್ಪ ಸೀರೆ ತಂದರು. ಒಳ್ಳೆಯ ಸೀರೆಯೇ. ಅತ್ತೆ ಸೀರೆಯನ್ನು ಮುಟ್ಟಿ ನೋಡಿ, ಅಂಚು ಚೆನ್ನಾಗಿದೆ ಎಂದು, ಪಕ್ಕಕ್ಕಿಟ್ಟು, ಪತ್ರವನ್ನು ಕೈಗೆ ತೆಗೆದುಕೊಂಡರು. ಹಳೆಯ ಲೋಯರ್ ಸೆಕೆಂಡರಿ ಓದಿದವರು. ಸದರಿ ಸ್ವತ್ತಿನ ಚೆಕ್ಕುಬಂದಿಯಿಂದ ಹಿಡಿದು ಓದಿದರು. ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾವ ಹಳ್ಳ ಎಂಬಲ್ಲಿ ನಿಲ್ಲಿಸಿ, "ಪಶ್ಚಿಮಕ್ಕೆ ಹಳ್ಳ ಅಲ್ಲ, ದಾರಿ. ನಾನು ಎಮ್ಮೆ ಹೊಡ್ಕೊಂಡು ಹೋಗ್ತಿದ್ದದ್ದೇ ಅದರ ಮೇಲೆ" ಎಂದರು. ಪತ್ರ ಬರೆದವರು ಹಳೆಯ ದಾಖಲೆ ತಿರುವಿ ನೋಡಿದರು. ದಾರಿಯೇ. ಅಣ್ಣತಮ್ಮಂದಿರಿಬ್ಬರಿಗೂ ಇಷ್ಟು ಕಾಲ ಗೊತ್ತಿರದ ಬಂಡಿದಾರಿಯೊಂದು ಅಂದು ಮಧ್ಯಾಹ್ನ ಹೊರಬಿತ್ತು.

"ಸಹಿ ಹಾಕ್ತೀಯೇನಮ್ಮ?" ಎಂದರು ಚಿಕ್ಕಪ್ಪ, ತಗ್ಗಿದ ದನಿಯಲ್ಲಿ.

"ಹಾಕೋಣ ಬಿಡಣ್ಣ, ಏನು ಅರ್ಜೆಂಟು? ಪೂರ್ತಿ ಓದಿ ಆಗಲಿ."

ಇನ್ನೂ ಓದುತ್ತಿದ್ದಾರೆ. ನಡುವೆ ಒಂದು ಸಲ ಫೋನು ಮಾಡಿ ಅಪ್ಪನ ಸಕ್ಸೆಷನ್ ಸರ್ಟಿಫಿಕೇಟಿನ ಒಂದು ಪ್ರತಿ ಕಳಿಸು ಎಂದರು, ಅದರಲ್ಲಿ ಹೆಣ್ಣುಮಕ್ಕಳ ಹೆಸರನ್ನು ಯಾವ ರೀತಿ ಬರೆದಿದ್ದಾರೆ ನೋಡಬೇಕಂತೆ. ಚಿಕ್ಕಪ್ಪ ನನಗೆ ಫೋನು ಮಾಡಿ, ನೀನೊಂದು ಮಾತು ಹೇಳಬಾರದೇನೋ ಎಂದು ಕೇಳಿದರು. ಹೇಳಬಹುದಿತ್ತು. ಆದರೆ ಅಷ್ಟರಲ್ಲಿ ವಂಶವೃಕ್ಷದ ಅಚ್ಚಾದ ಪ್ರತಿ ಬಂತು. ಅದರಲ್ಲಿ ಅತ್ತೆಯ ಹೆಸರೇನೋ ಸರಿಯಾಗಿತ್ತು, ಮಾವನ ಹೆಸರಿನ ಹಿಂದೆ ಲೇಟ್ ಎಂದು ಬಿದ್ದಿತ್ತು. ಮಾವ ಗಟ್ಟಿಮುಟ್ಟಾಗಿದ್ದಾರೆ, ದಿನಾ ಬೆಳಿಗ್ಗೆ ವಾಕಿಂಗ್ ಹೋಗುತ್ತಾರೆ. ತಿದ್ದುಪಡಿಗೆ ಅರ್ಜಿ ಹಾಕಿದ್ದೇವೆ. ತಾವು ಬದುಕಿರುವ ಬಗ್ಗೆ ಅವರು ಖುದ್ದಾಗಿ ಬಂದು ಅಫಿಡವಿಟ್ಟು ಕೊಡಬೇಕಂತೆ, ಜೊತೆಗೆ ಎರಡು ಸಾಕ್ಷಿ.